ನರಸ್ನಾಯುಗಳ ನಂಟು

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ, ಆ ಕೈಯನ್ನು ಎತ್ತಿಹಿಡಿದು, ಎವೆಯಿಕ್ಕದೆ ದೃಷ್ಟಿಯನ್ನು ಅದರಲ್ಲಿ ನೆಡುವುದು ನಮಗೆ ಬಾಲ್ಯದಿಂದ ಬಂದ ಅಭ್ಯಾಸ. ಅದರ ತಾತ್ತ್ವಿಕ ಅರ್ಥವನ್ನು ಬಲ್ಲವರು ಅನೇಕರು ವಿವರಿಸಿದ್ದಾರೆ. ಇಂದು ನಾವು ಹೇಳಹೊರಟಿರುವುದು ಬೇರೊಂದು ಸಂಗತಿ. ನರರೋಗತಜ್ಞರು ರೋಗಿಯಿಂದ ಮಾಡಿಸುವ ಒಂದು ಪರೀಕ್ಷೆ ಈ ಭಂಗಿಗೆ ಬಹಳ ಸಮೀಪವಾದುದು. ಚಾಚಿದ ತೋಳು ಎಷ್ಟು ಹೊತ್ತು ನಿಲ್ಲುತ್ತದೆ, ಮೇಲಕ್ಕೆ ನೆಟ್ಟ ಕಣ್ಣಿನ ರೆಪ್ಪೆ ಎಷ್ಟು ಹೊತ್ತಿಗೆ ಜೋಲುತ್ತದೆ ಎಂಬುದನ್ನು ಅವರು ಗಡಿಯಾರ ನೋಡಿಕೊಂಡು ಗಮನಿಸುತ್ತಾರೆ.

ಮಠಕ್ಕೆ ನಡೆದುಕೊಳ್ಳುವ ಕುಟುಂಬವೊಂದರ ಸೊಸೆ ಪ್ರಾತಃಕಾಲದ ಪೂಜೆಯಲ್ಲಿ ಸ್ಥಿರವಾಗಿ ಕುಳಿತಿರುತ್ತಿದ್ದಳು. ಸಾಯಂಕಾಲದ ಪೂಜೆಯಲ್ಲಿ ಅವಳ ಕೈ ತೊಡೆಗಿಳಿಯುತ್ತಿತ್ತು, ಒಂದು ಕಣ್ಣು ಅರ್ಧ ಮುಚ್ಚುತ್ತಿತ್ತು. ರಾತ್ರಿಯ ಊಟದಲ್ಲಿ ರೊಟ್ಟಿ ಅಗಿಯಲು ದವಡೆ ಸೋಲುತ್ತಿತ್ತು. ಮಾತು ಮೂಗಿನಿಂದ ಹೊರಡುತ್ತಿತ್ತು. ಅತ್ತೆ ನಮ್ಮಲ್ಲಿ ಕೇಳಿದರು: "ಬುದ್ಧೀ, ಬೆಳಿಗ್ಗೆ ನೆಟ್ಟಗಿರ್ತಾಳೆ, ಸಂಜೆಯಾದ್ರೆ ಹೀಗಾಗ್ತಾಳೆ. ಇದು ಕಾಯಿಲೆಯೋ ನಟನೆಯೋ ತಾವೇ ಹೇಳಬೇಕು." ಅಷ್ಟರಲ್ಲಿ ಅವಳ ತೋಳಿಗೆ ಎರಡು ತಾಯಿತಗಳು ಬಿದ್ದಿದ್ದವು. ನಿಶ್ಶಕ್ತಿಯೆಂದು ಒಬ್ಬ ವೈದ್ಯರು ಟಾನಿಕ್ಕನ್ನೂ ಬರೆದುಕೊಟ್ಟಿದ್ದರು. ಮನೆಯಲ್ಲಿ ಅವಳಿಗೆ ಬಿದ್ದ ಹೆಸರು ಮೈಗಳ್ಳಿ.

ನಮ್ಮ ದೇಹದಲ್ಲಿ ಒಂದು ಬೆರಳು ಅಲುಗಬೇಕಾದರೆ ಮಿದುಳಿನಿಂದ ಹೊರಟ ಆಜ್ಞೆ ಬೆನ್ನುಹುರಿಯನ್ನಿಳಿದು, ಅಲ್ಲಿಂದ ನರದ ಮೂಲಕ ಸ್ನಾಯುವನ್ನು ಮುಟ್ಟಬೇಕು. ತೋಳಿನ ನರದಲ್ಲಿ ಈ ವಿದ್ಯುತ್ಸಂಕೇತ ಸೆಕೆಂಡಿಗೆ ಸುಮಾರು 50-60 ಮೀಟರ್ ವೇಗದಲ್ಲಿ ಸಾಗುತ್ತದೆ. ಆದರೆ ನರವು ಸ್ನಾಯುವಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಸಂದು ಉಂಟು. ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ಕಿರಿದು. ಅದನ್ನು ವಿದ್ಯುತ್ತು ದಾಟಲಾರದು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಸುರಿದು, ಎದುರು ದಡದಲ್ಲಿರುವ ಗ್ರಾಹಕಗಳನ್ನು ಸೇರಿದಾಗ ಮಾತ್ರ ಸ್ನಾಯು ಸಂಕೋಚಗೊಳ್ಳುತ್ತದೆ. ನರಗಳು ಹೀಗೆ ರಾಸಾಯನಿಕ ದ್ರವ್ಯದ ಮೂಲಕ ಮಾತನಾಡುತ್ತವೆಂಬುದನ್ನು ಆಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದರು. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು.

ಆದುದರಿಂದ 'ಕೈ ಸೋಲುತ್ತದೆ' ಎಂಬ ಒಂದೇ ದೂರಿನ ಹಿಂದೆ ಬೇರೆ ಬೇರೆ ಸ್ಥಾನಗಳ ದೋಷವಿರಬಹುದು. ನರ ಕೆಟ್ಟರೆ ಬಹುಮಟ್ಟಿಗೆ ಪಾದಗಳಲ್ಲಿ ಜೋಮು, ಸ್ಪರ್ಶಜ್ಞಾನದ ಕೊರತೆ ಮೊದಲು ಕಾಣುತ್ತವೆ. ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಕಾಲು ಚಿಮ್ಮುವುದಿಲ್ಲ. ಸ್ನಾಯುವೇ ಕೆಟ್ಟರೆ ತೊಡೆ, ಹೆಗಲುಗಳು ಮೊದಲು ಸೋಲುತ್ತವೆ. ನೆಲದಿಂದ ಏಳುವ ಬಾಲಕ ತನ್ನ ತೊಡೆಗಳ ಮೇಲೆಯೇ ಕೈಯೂರಿ ಹತ್ತುವವನಂತೆ ಏಳುತ್ತಾನೆ; ಸ್ಪರ್ಶಕ್ಕೆ ಬಾಧೆಯಿರದು. ಸಂದಿನಲ್ಲಿ ದೋಷವಿದ್ದರೆ ಸ್ಪರ್ಶ ಸರಿಯಿರುತ್ತದೆ, ಆದರೆ ಬಲವು ಬಳಸಿದಷ್ಟೂ ಕುಂದಿ, ವಿಶ್ರಮಿಸಿದರೆ ಮರಳುತ್ತದೆ. ಚರಕಸಂಹಿತೆ ಎಂಬತ್ತು ವಾತವಿಕಾರಗಳನ್ನು ವಿಂಗಡಿಸಿ ಎಣಿಸಿದೆ. ನಾವಾದರೋ ಎಲ್ಲವನ್ನೂ 'ವಾಯು' ಎಂಬ ಒಂದೇ ಗೋಣಿಚೀಲಕ್ಕೆ ತುಂಬಿ ಕುಳಿತಿದ್ದೇವೆ. ಪ್ರಾಚೀನರು ಪಟ್ಟ ಶ್ರಮವನ್ನೂ ನಾವು ಪಡಲಿಲ್ಲ.

ಆ ಸೊಸೆಯನ್ನು ಬೆಂಗಳೂರಿಗೆ ಕರೆದೊಯ್ಯುವಂತೆ ನಾವು ಹೇಳಿದೆವು. ಅತ್ತೆಯೇ ಜೊತೆಗೆ ಹೋಗಬೇಕೆಂದೂ ಹೇಳಿದೆವು, ಅದಕ್ಕೆ ಕಾರಣವಿತ್ತು. ಅಲ್ಲಿನ ವೈದ್ಯರು ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಮಂಜುಗಡ್ಡೆಯ ಚೀಲವಿಟ್ಟರು. ತೆಗೆದಾಗ ಜೋತ ರೆಪ್ಪೆ ಮೇಲೆದ್ದಿತ್ತು. ತಂಪಿನಲ್ಲಿ ಅಸಿಟೈಲ್‌ಕೋಲಿನ್ನನ್ನು ಒಡೆಯುವ ಕಿಣ್ವದ ಕೆಲಸ ಮಂದವಾಗಿ ಆ ದ್ರವ್ಯ ಹೆಚ್ಚು ಹೊತ್ತು ಉಳಿಯುವುದೇ ಇದಕ್ಕೆ ಕಾರಣವೆನ್ನುತ್ತಾರೆ. ಬಳಿಕ ನರಕ್ಕೆ ಸೆಕೆಂಡಿಗೆ ಮೂರು ಬಾರಿಯಂತೆ ವಿದ್ಯುತ್ ಪ್ರಚೋದನೆ ಕೊಟ್ಟು ಸ್ನಾಯುವಿನ ಉತ್ತರವನ್ನು ದಾಖಲಿಸಿದರು. ಆರೋಗ್ಯವಂತರಲ್ಲಿ ಸಮನಾಗಿರಬೇಕಾದ ಅಲೆಗಳು ಇಲ್ಲಿ ಮೊದಲನೆಯದರಿಂದ ನಾಲ್ಕನೆಯದಕ್ಕೆ ತಗ್ಗುತ್ತ ಹೋದವು. ಅತ್ತೆ ಅದನ್ನು ಪರದೆಯ ಮೇಲೆ ಕಣ್ಣಾರೆ ಕಂಡರು. ನಟಿಸುವವರು ತಮ್ಮ ನರದ ಅಲೆಗಳನ್ನು ಹಾಗೆ ತಗ್ಗಿಸಲಾರರು. ಊರಿಗೆ ಬಂದ ಮೇಲೆ ಆಕೆ ನಮ್ಮೆದುರು ಹೆಚ್ಚೇನೂ ಆಡಲಿಲ್ಲ. ಸಂಜೆಯ ಒಲೆಯ ಕೆಲಸವನ್ನು ತಾವೇ ವಹಿಸಿಕೊಂಡರೆಂದು ತಿಳಿಯಿತು.

ರೋಗದ ಹೆಸರು ಮಯಸ್ತೇನಿಯ ಗ್ರಾವಿಸ್. ದೇಹವನ್ನು ಕಾಯಬೇಕಾದ ಪ್ರತಿಕಾಯಗಳೇ ದಾರಿತಪ್ಪಿ ಸ್ನಾಯುವಿನ ಗ್ರಾಹಕಗಳನ್ನು ಕೆಡಿಸುತ್ತವೆ. ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಗೂ ಇದಕ್ಕೂ ಸಂಬಂಧವುಂಟು. ಕೆಲವರಲ್ಲಿ ಅಲ್ಲಿ ಗಡ್ಡೆಯಿರುವುದರಿಂದ ಎದೆಯ ಚಿತ್ರ ತೆಗೆಸಬೇಕಾಗುತ್ತದೆ. ಮಾತನಾಡುತ್ತ ಹೋದಂತೆ ಧ್ವನಿ ಉಡುಗಿಹೋಗುತ್ತಿದ್ದ ಸ್ತ್ರೀಯೊಬ್ಬಳನ್ನು ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1672ರಲ್ಲಿಯೇ ವರ್ಣಿಸಿದ್ದರು. ಆದರೆ ಮದ್ದು ದೊರೆತುದು 1934ರಲ್ಲಿ. ಬಾಣದ ವಿಷವಾದ ಕ್ಯುರಾರೆ ತಗುಲಿದವರ ಸ್ಥಿತಿಯನ್ನು ಈ ರೋಗ ಹೋಲುವುದನ್ನು ಕಂಡು, ಲಂಡನ್ನಿನ ವೈದ್ಯೆ ಮೇರಿ ವಾಕರ್ ಆ ವಿಷದ ಪ್ರತ್ಯೌಷಧವನ್ನೇ ಚುಚ್ಚಿ ನೋಡಿದರು. ಜೋತ ರೆಪ್ಪೆ ಎದ್ದಿತು. ಇಂದು ಅದೇ ಜಾತಿಯ ಪಿರಿಡೋಸ್ಟಿಗ್ಮಿನ್ ಮಾತ್ರೆಗಳು, ಪ್ರತಿಕಾಯಗಳನ್ನು ಅಡಗಿಸುವ ಔಷಧಗಳು, ತಕ್ಕವರಿಗೆ ಶಸ್ತ್ರಚಿಕಿತ್ಸೆ ಇವೆ. ಬಹಳ ಜನ ಮೊದಲಿನಂತೆ ಸಂಸಾರ ಸಾಗಿಸುತ್ತಾರೆ.

ಮಠಾಧೀಶರಾಗಿ ಒಂದು ಮಾತನ್ನು ಬಿಚ್ಚಿ ಹೇಳಬೇಕಾಗಿದೆ. ಕಾಯಕವನ್ನು ಕೊಂಡಾಡುವ ನಮ್ಮ ಸಮಾಜವು ದಣಿದವರನ್ನು ಮೈಗಳ್ಳರೆಂದು ಕರೆಯಲು ಬಹು ಆತುರಪಡುತ್ತದೆ. ದುಡಿಯುವ ಸೊಸೆಯ ವಿಷಯದಲ್ಲಂತೂ ಈ ಆತುರಕ್ಕೆ ಮಿತಿಯೇ ಇಲ್ಲ. ಭಸ್ಮವನ್ನು ನಾವು ಶ್ರದ್ಧೆಯಿಂದಲೇ ಕೊಡುತ್ತೇವೆ. ಅದನ್ನು ಧರಿಸಿಕೊಂಡೇ ಆಸ್ಪತ್ರೆಗೆ ಹೋಗಬಹುದು.

ಈ ರೋಗವುಳ್ಳವರು ತಮ್ಮ ರೋಗದ ಹೆಸರನ್ನು ಚೀಟಿಯಲ್ಲಿ ಬರೆದು ಸದಾ ಜೊತೆಗಿಟ್ಟುಕೊಳ್ಳಬೇಕು. ಜೆಂಟಾಮೈಸಿನ್‌ನಂತಹ ಕೆಲವು ಸಾಮಾನ್ಯ ಚುಚ್ಚುಮದ್ದುಗಳು ಬಲಹೀನತೆಯನ್ನು ಹಠಾತ್ತನೆ ಹೆಚ್ಚಿಸಬಲ್ಲವು. ಆದುದರಿಂದ ಜ್ವರಕ್ಕೆ ಸೂಜಿ ಹಾಕುವವರಿಗೂ, ಹಲ್ಲು ಕೀಳುವವರಿಗೂ ಆ ಚೀಟಿಯನ್ನು ಮೊದಲೇ ತೋರಿಸಬೇಕು. ನುಂಗುವುದು ಕಷ್ಟವಾಗಿ ಉಸಿರು ಮೇಲಕ್ಕೆಳೆಯತೊಡಗಿದರೆ ಬೆಳಗಾಗಲೆಂದು ಕಾಯದೆ, ಉಸಿರಾಟದ ಯಂತ್ರವಿರುವ ಆಸ್ಪತ್ರೆಗೆ ಆ ರಾತ್ರಿಯೇ ಹೊರಡತಕ್ಕದ್ದು.