ಹೆಸರಿಡದ ಕಳವು

ಥಾಯ್ ಭಾಷೆಯಲ್ಲಿ ‘ಹಾಯ್’ ಎಂಬ ಕ್ರಿಯಾಪದವೊಂದಿದೆ. ವಸ್ತು ಕಾಣೆಯಾದಾಗಲೂ ಇದೇ ಪದ, ಕಾಯಿಲೆಯಿಂದ ಮನುಷ್ಯ ಗುಣವಾದಾಗಲೂ ಇದೇ ಪದ. ನಮ್ಮಲ್ಲಿಯೂ ‘ಉಂಗುರ ಹೋಯಿತು’, ‘ಜ್ವರ ಹೋಯಿತು’ ಎಂಬ ಪ್ರಯೋಗಗಳು ಅಕ್ಕಪಕ್ಕದಲ್ಲಿಯೇ ಇವೆ. ಆದರೆ ‘ರೋಗಿ ಹೋದ’ ಎಂದರೆ ಅರ್ಥವೇ ಬೇರೆ. ಥಾಯ್‌ನಲ್ಲಿ ರೋಗಿಯೇ ‘ಹಾಯ್’ ಆಗುತ್ತಾನೆ, ಅಂದರೆ ನೆಟ್ಟಗಾಗುತ್ತಾನೆ. ಕಳೆದುಹೋಗುವುದಕ್ಕೂ ವಾಸಿಯಾಗುವುದಕ್ಕೂ ನಡುವೆ ಏನು ಸಂಬಂಧವಿರಬಹುದು ಎಂಬುದು ನನಗೆ ನಿಘಂಟಿನಿಂದ ಹೊಳೆಯಲಿಲ್ಲ. ಹಳ್ಳಿಯ ಮನೆಯೊಂದರಲ್ಲಿ, ಕಾಣೆಯಾದ ಒಂದು ಉಂಗುರದ ನೆಪದಲ್ಲಿ ಹೊಳೆಯಿತು.

ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯೂ ಸೇರಿದಂತೆ ನಮ್ಮ ಜೈನ ಕಥೆಗಳಲ್ಲಿ ಬರುವ ಕಳವು ಮತ್ತು ತಪ್ಪೊಪ್ಪಿಗೆಗಳು ನನ್ನ ಸಂಶೋಧನೆಯ ವಸ್ತು. ಅವನ್ನು ಬೌದ್ಧ ಜಾತಕಗಳ ಜೊತೆಗಿಟ್ಟು ನೋಡುವ ಉದ್ದೇಶದಿಂದ 2024ರ ಮಾರ್ಚ್ ತಿಂಗಳಿನಲ್ಲಿ ಈಶಾನ್ಯ ಥಾಯ್ಲೆಂಡಿನ ಖೋನ್ ಕೇನ್ ಪ್ರಾಂತದ ಒಂದು ಹಳ್ಳಿಯಲ್ಲಿ ಮೂರು ವಾರ ತಂಗಿದ್ದೆ. ಆ ಪ್ರದೇಶದ ಹೆಸರೇ ಈಸಾನ್; ನಮ್ಮ ‘ಈಶಾನ್ಯ’ದ ಮೂಲವಾದ ಸಂಸ್ಕೃತ ಪದವೇ ಅದು. ಅಲ್ಲಿ ಚಾಂದ್ರಮಾನದ ನಾಲ್ಕನೆಯ ತಿಂಗಳಿನಲ್ಲಿ ವೆಸ್ಸಂತರ ಜಾತಕವನ್ನು ವಿಹಾರದಲ್ಲಿ ಪಾರಾಯಣ ಮಾಡುವ ‘ಬುನ್ ಫವೇತ್’ ಹಬ್ಬ ನಡೆಯುತ್ತದೆ. ‘ಬುನ್’ ಎಂದರೆ ಪುಣ್ಯ. ಎಲ್ಲವನ್ನೂ ದಾನವಾಗಿ ಕೊಟ್ಟುಬಿಟ್ಟವನ ಕಥೆಯನ್ನು ಕೇಳಲು ಹೋದ ನಾನು, ಕೊಡದೆ ತೆಗೆದುಕೊಂಡವನ ಕಥೆಯೊಂದಕ್ಕೆ ಸಾಕ್ಷಿಯಾದೆ.

ನಾನಿದ್ದ ಮನೆಯ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ. ಈಸಾನಿನ ಪದ್ಧತಿಯಂತೆ ಮದುವೆಯಾದ ಗಂಡು ಹೆಂಡತಿಯ ಮನೆಗೆ ಬಂದು ಸೇರುತ್ತಾನೆ. ಮನೆಯೂ ತಂದೆತಾಯಿಯರ ಆರೈಕೆಯ ಹೊಣೆಯೂ ಸಾಮಾನ್ಯವಾಗಿ ಕಿರಿಯ ಮಗಳ ಪಾಲಿಗೆ ಬರುತ್ತವೆ. ಹಾಗಾಗಿ ಆ ಮನೆಯಲ್ಲಿ ಕಿರಿಯ ಮಗಳೂ ಅವಳ ಗಂಡನೂ ಇದ್ದರು. ಜೊತೆಗೆ ಹಿರಿಯ ಮಗಳ ಮಗ, ಇಪ್ಪತ್ತೊಂದು ವರ್ಷದ ಹುಡುಗ. ಅವನ ತಂದೆತಾಯಿ ಬ್ಯಾಂಕಾಕಿನಲ್ಲಿ ದುಡಿಯುತ್ತಿದ್ದರು. ಮೊಮ್ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ನಗರಕ್ಕೆ ಹೋಗುವುದು ಈಸಾನಿನಲ್ಲಿ ಮನೆಮನೆಯ ಸಂಗತಿ. ಹಳ್ಳಿಯ ಶಾಲೆಯ ಉಪಾಧ್ಯಾಯರೊಬ್ಬರು ನನಗೂ ಅವರಿಗೂ ನಡುವೆ ಮಾತಿನ ಸೇತುವೆಯಾಗಿದ್ದರು.

ನಾನು ಹೋದ ಐದನೆಯ ದಿನ ಅಜ್ಜಿಯ ದಿಂಬಿನ ಕೆಳಗಿನ ಬಟ್ಟೆಯ ಗಂಟಿನಿಂದ ಚಿನ್ನದ ಉಂಗುರವೊಂದು ಕಾಣೆಯಾಯಿತು. ತೂಕ ಒಂದು ‘ಸಲೂಂಗ್’, ನಮ್ಮ ಲೆಕ್ಕದಲ್ಲಿ ಸುಮಾರು 3.8 ಗ್ರಾಂ. ಬೆಳಗಿನ ಊಟಕ್ಕೆ ಎಲ್ಲರೂ ಅಂಟನ್ನದ ಬುಟ್ಟಿಯ ಸುತ್ತ ಕುಳಿತಿದ್ದಾಗ ಆಕೆ ‘ಉಂಗುರ ಹಾಯ್’ ಎಂದರು, ಅಷ್ಟೆ. ಯಾವಾಗ, ಎಲ್ಲಿ, ಯಾರು ಎಂದು ಒಬ್ಬರೂ ಕೇಳಲಿಲ್ಲ. ಊಟ ಮುಂದುವರಿಯಿತು.

ಆ ಮೌನ ನನ್ನನ್ನು ಕಂಗೆಡಿಸಿತು. ಮನೆಯಲ್ಲಿದ್ದ ಪರಕೀಯ ನಾನೊಬ್ಬನೇ. ಕೋಣೆಗೆ ಹೋಗಿ ನನ್ನ ಚೀಲವನ್ನು ನಾನೇ ಬುಡಮೇಲು ಮಾಡಿ ನೋಡಿಕೊಂಡೆ. ತೆಗೆದಿಲ್ಲವೆಂದು ಗೊತ್ತಿದ್ದೂ ನೋಡಿಕೊಂಡೆ. ಯಾರಾದರೂ ಮನೆಯನ್ನೆಲ್ಲ ಶೋಧಿಸಬಾರದೆ, ನಾನು ನಿರ್ದೋಷಿಯೆಂದು ಎಲ್ಲರೆದುರು ಸಾಬೀತಾಗಬಾರದೆ ಎಂದು ಹಂಬಲಿಸಿದೆ. ನನ್ನಂತೆಯೇ ತಳಮಳಗೊಂಡಿದ್ದ ಇನ್ನೊಬ್ಬ ಮನೆಯ ಅಳಿಯ. ಅವನು ಆ ರಾತ್ರಿ ಮನೆಯಲ್ಲಿ ಮಲಗಲಿಲ್ಲ, ಗದ್ದೆಯ ಗುಡಿಸಲಿಗೆ ಹೋದ. ಮನೆಯೊಳಗಿದ್ದೂ ರಕ್ತಸಂಬಂಧಿಯಲ್ಲದವನ ಮೇಲೆ ಸಂಶಯ ಮೊದಲು ಹೋಗಿ ಕೂರುತ್ತದೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರುದಿನ ಅಜ್ಜಿಯ ಅಣ್ಣನೂ ಸೋದರಸಂಬಂಧಿಗಳಾದ ಇನ್ನಿಬ್ಬರು ಹಿರಿಯರೂ ಬಂದರು. ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ನೆರಳಿನಲ್ಲಿ, ಬಿದಿರಿನ ಮಂಚದ ಮೇಲೆ ಕುಳಿತು ಮಳೆಯ ಬಗ್ಗೆ, ಮರಗೆಣಸಿನ ಬೆಲೆಯ ಬಗ್ಗೆ, ಬರಲಿರುವ ಪಾರಾಯಣದ ಬಗ್ಗೆ ಮಾತನಾಡಿದರು. ಉಂಗುರದ ಸುದ್ದಿಯೇ ಬರಲಿಲ್ಲ. ಏಳುವಾಗ ಅಣ್ಣ, ‘ಹಬ್ಬಕ್ಕೆ ಮನೆಯಲ್ಲಿ ಎಲ್ಲವೂ ತುಂಬಿರಬೇಕು’ ಎಂದಷ್ಟೇ ಹೇಳಿದ. ಇವರನ್ನು ‘ಚಾವ್ ಖೋತ್’ ಎನ್ನುತ್ತಾರೆಂದು ಉಪಾಧ್ಯಾಯರು ತಿಳಿಸಿದರು. ‘ಚಾವ್’ ಎಂದರೆ ಒಡೆಯ. ‘ಖೋತ್’ ನಮ್ಮ ‘ಗೋತ್ರ’. ಕುಲದ ಒಳಜಗಳಗಳನ್ನು ಬಗೆಹರಿಸುವುದು ಈ ಗೋತ್ರದ ಹಿರಿಯರ ಪರಂಪರಾಗತ ಕೆಲಸ. ಅವರು ತೀರ್ಪು ಕೊಡಲು ಬಂದವರಾಗಿರಲಿಲ್ಲ, ಗಡುವು ಕೊಡಲು ಬಂದಿದ್ದರು. ಹಬ್ಬದೊಳಗೆ ವಸ್ತು ಮರಳಿದರೆ ಪ್ರಶ್ನೆಯೇ ಹುಟ್ಟುವುದಿಲ್ಲ.

ಹಬ್ಬಕ್ಕೆ ಎರಡು ದಿನವಿರುವಾಗ ಅಂಟನ್ನದ ಬುಟ್ಟಿಯಲ್ಲಿ ಪೇಟೆಯ ಗಿರವಿ ಅಂಗಡಿಯ ಚೀಟಿ ಸಿಕ್ಕಿತು. ಅದರ ಮೇಲೆ ಮೊಮ್ಮಗನ ಹೆಸರಿತ್ತು. ಹುಡುಗ ಆ ದಿನವಿಡೀ ಮನೆಗೆ ಬರಲಿಲ್ಲ. ಅವನ ಬಳಿ ಹಣ ಉಳಿದಿರಲಿಲ್ಲ. ಕಬ್ಬು ಕಡಿದು ಕೂಡಿಸಿದ್ದ ದುಡ್ಡಿನಿಂದ ಉಂಗುರವನ್ನು ಬಿಡಿಸಿಕೊಂಡು ಬಂದವನು ಮನೆಯ ಅಳಿಯ. ಸಂಶಯವನ್ನೂ ಹೊತ್ತು, ಕೈಯಿಂದ ಹಣವನ್ನೂ ತೆತ್ತ ಅವನ ಕ್ಷಮೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಹಬ್ಬದ ಮರುದಿನ ಮನೆಯಲ್ಲಿ ‘ಸೂ ಖ್ವಾನ್’ ನಡೆಯಿತು. ಥಾಯ್ ಜನರ ನಂಬಿಕೆಯಂತೆ ಮನುಷ್ಯನೊಳಗೆ ‘ಖ್ವಾನ್’ ಎಂಬ ಪ್ರಾಣಚೈತನ್ಯವಿದೆ. ಆಘಾತವಾದಾಗ, ಅವಮಾನವಾದಾಗ ಅದು ದೇಹವನ್ನು ಬಿಟ್ಟು ಅಲೆಯತೊಡಗುತ್ತದೆ. ಅದನ್ನು ಕರೆದು ಮಣಿಕಟ್ಟಿಗೆ ಬಿಳಿಯ ನೂಲಿನಿಂದ ಕಟ್ಟಬೇಕು. ಒಬ್ಬರು ಇನ್ನೊಬ್ಬರಿಗೆ ನೋವು ಮಾಡಿದಾಗ ಕೊಡುವ ಪರಿಹಾರಧನಕ್ಕೆ ಥಾಯ್‌ನಲ್ಲಿ ‘ಖಾ ಥಮ್ ಖ್ವಾನ್’, ಅಂದರೆ ಖ್ವಾನನ್ನು ಸರಿಪಡಿಸುವ ವೆಚ್ಚ ಎಂದೇ ಹೆಸರು. ವಿಧಿಯನ್ನು ನಡೆಸುವ ಗೃಹಸ್ಥ ಹಿರಿಯನನ್ನು ‘ಫ್ರಾಮ್’ ಎನ್ನುತ್ತಾರೆ. ಅದು ‘ಬ್ರಾಹ್ಮಣ’ ಪದದ ಥಾಯ್ ರೂಪ, ಅಲ್ಲಿ ಜಾತಿಯ ಸೂಚನೆಯಿಲ್ಲ. ಹಳ್ಳಿಯ ಮುಖ್ಯಸ್ಥರೂ ಬಂದಿದ್ದರು. ಅವರಿಗೆ ಎಲ್ಲವೂ ತಿಳಿದಿತ್ತು, ಯಾವುದನ್ನೂ ಬರೆದುಕೊಳ್ಳಲಿಲ್ಲ. ಅಜ್ಜಿ ಮೊದಲ ನೂಲನ್ನು ಕಟ್ಟಿದ್ದು ಅಳಿಯನ ಕೈಗೆ. ಆಮೇಲೆ ಮೊಮ್ಮಗನಿಗೆ, ಆಮೇಲೆ ನನಗೆ. ಆ ಅನುಕ್ರಮದಲ್ಲಿ ಆಕೆ ಹೇಳಬೇಕಾದುದನ್ನು ಹೇಳಿದ್ದರೆಂದು ಉಪಾಧ್ಯಾಯರ ಅಭಿಪ್ರಾಯ. ಅಷ್ಟು ಸಾಕೇ ಎಂಬುದು ನನ್ನನ್ನು ಇಂದಿಗೂ ಕಾಡುವ ಪ್ರಶ್ನೆ.

ಊರಿಗೆ ಮರಳಿದ ಮೇಲೆ ಥಾಯ್ ದಂಡಸಂಹಿತೆಯ ಅನುವಾದವನ್ನು ಓದಿದೆ. 1957ರಿಂದ ಜಾರಿಯಲ್ಲಿರುವ ಆ ಸಂಹಿತೆಯ 334ನೆಯ ಕಲಮು ಸಾಮಾನ್ಯ ಕಳವಿಗೆ ಗರಿಷ್ಠ ಮೂರು ವರ್ಷಗಳ ಸೆರೆಯನ್ನು ವಿಧಿಸುತ್ತದೆ. ಸಾಮಾನ್ಯ ಕಳವು ರಾಜಿಯಾಗಲಾರದ ಅಪರಾಧ. ಒಮ್ಮೆ ಪೊಲೀಸರಿಗೆ ದೂರು ಹೋಯಿತೆಂದರೆ ದೂರು ಕೊಟ್ಟವರು ಮನಸ್ಸು ಬದಲಿಸಿದರೂ ಪ್ರಕರಣ ನಿಲ್ಲುವುದಿಲ್ಲ. ಆದರೆ 71ನೆಯ ಕಲಮು ಕುಟುಂಬಕ್ಕೆ ವಿನಾಯಿತಿ ನೀಡುತ್ತದೆ. ಗಂಡಹೆಂಡಿರು ಪರಸ್ಪರರ ವಸ್ತುವನ್ನು ಕದ್ದರೆ ಶಿಕ್ಷೆಯಿಲ್ಲ. ತಂದೆತಾಯಿ, ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಎಂಬ ನೇರ ವಂಶದವರ ನಡುವೆ, ಹಾಗೂ ಒಂದೇ ತಂದೆತಾಯಿಯ ಒಡಹುಟ್ಟಿದವರ ನಡುವೆ ನಡೆದ ಕಳವನ್ನು ರಾಜಿ ಮಾಡಿಕೊಳ್ಳಬಹುದು. ನ್ಯಾಯಾಲಯ ಶಿಕ್ಷೆಯನ್ನು ತಗ್ಗಿಸಲೂಬಹುದು.

ಈ ಪಟ್ಟಿಯಲ್ಲಿ ಅಳಿಯನಿಲ್ಲ. ಚಿಕ್ಕಪ್ಪ, ಸೋದರಮಾವ, ಅವರ ಮಕ್ಕಳು ಯಾರೂ ಇಲ್ಲ. ಭಾಷೆಯ ವಿದ್ಯಾರ್ಥಿಗಳಾದ ನಮಗೆ ಕುತೂಹಲಕರವಾದ ಅಂಶವೆಂದರೆ, ಥಾಯ್‌ನಲ್ಲಿ ಮೊಮ್ಮಗನಿಗೂ ಒಡಹುಟ್ಟಿದವರ ಮಗನಿಗೂ ‘ಲಾನ್’ ಎಂಬ ಒಂದೇ ಪದವಿದೆ. ಹಳ್ಳಿಯ ಮಾತಿನಲ್ಲಿ ಇಬ್ಬರೂ ಲಾನ್. ಕಾನೂನಿನ ಕಣ್ಣಿನಲ್ಲಿ ಒಬ್ಬ ಕ್ಷಮಾರ್ಹ, ಇನ್ನೊಬ್ಬ ಬರಿಯ ಕಳ್ಳ. ಕನ್ನಡದ ‘ಅಳಿಯ’ ಎಂಬ ಪದವೂ ಮಗಳ ಗಂಡನನ್ನೂ ಸೋದರಿಯ ಮಗನನ್ನೂ ಒಟ್ಟಿಗೆ ಹಿಡಿಯುತ್ತದೆ. ಥಾಯ್ ಸಂಹಿತೆಯ ಪ್ರಕಾರ ಅವರಿಬ್ಬರೂ ಹೊರಗಿನವರೇ. ಆ ಉಂಗುರವನ್ನು ಅಳಿಯನೇ ತೆಗೆದಿದ್ದು, ಅಜ್ಜಿ ಠಾಣೆಗೆ ಹೋಗಿದ್ದರೆ, ಆಮೇಲೆ ಆಕೆ ಕಣ್ಣೀರಿಟ್ಟು ಬೇಡಿಕೊಂಡರೂ ದೂರನ್ನು ಮರಳಿ ಪಡೆಯುವಂತಿರಲಿಲ್ಲ. ಹೆಂಡತಿಯ ಮನೆಯಲ್ಲಿ ಬಾಳುವ ಗಂಡನೇ ವಾಡಿಕೆಯಾಗಿರುವ ನಾಡಿನಲ್ಲಿ ಕಾನೂನಿನ ಕುಟುಂಬಕ್ಕೂ ಸೂರಿನ ಕೆಳಗಿನ ಕುಟುಂಬಕ್ಕೂ ಇರುವ ಈ ಅಂತರ ಸಣ್ಣದಲ್ಲ. ಹಳ್ಳಿಯ ಮೌನ ಆ ಅಂತರವನ್ನು ಮುಚ್ಚುತ್ತಿತ್ತೆಂಬುದು ನನಗೆ ಆಗ ತಿಳಿದಿರಲಿಲ್ಲ.

ಈ ಮೌನಕ್ಕೆ ಇನ್ನೂ ಕರಾಳವಾದ ಕಾರಣವೊಂದಿದೆ. ಹಳ್ಳಿಯ ಹುಡುಗರು ಮನೆಯ ಚಿನ್ನಕ್ಕೆ ಕೈಹಾಕಿದರೆ ಹಿರಿಯರಿಗೆ ಮೊದಲು ನೆನಪಾಗುವುದು ‘ಯಾ ಬಾ’ ಎಂಬ ಮಾದಕ ಮಾತ್ರೆ. 2003ರ ಫೆಬ್ರವರಿಯಲ್ಲಿ ಥಾಯ್ ಸರ್ಕಾರ ಮಾದಕ ವಸ್ತುಗಳ ವಿರುದ್ಧ ಸಮರ ಸಾರಿತು. ಊರೂರಿನಲ್ಲಿ ಶಂಕಿತರ ಪಟ್ಟಿಗಳು ತಯಾರಾದವು. ಅವುಗಳ ತಯಾರಿಕೆಯಲ್ಲಿ ಹಳ್ಳಿಯ ಮುಖ್ಯಸ್ಥರಿಗೂ ಪಾತ್ರವಿತ್ತು. ಕೆಲವೇ ತಿಂಗಳುಗಳಲ್ಲಿ ದೇಶದಾದ್ಯಂತ ಎರಡು ಸಾವಿರಕ್ಕೂ ಹೆಚ್ಚು ಜನ ಕೊಲೆಯಾದರು. ‘ನನ್ನ ಮಗ ಮನೆಯಲ್ಲಿ ಕದಿಯುತ್ತಿದ್ದಾನೆ, ಸ್ವಲ್ಪ ಬುದ್ಧಿ ಹೇಳಿ’ ಎಂದು ಮುಖ್ಯಸ್ಥರ ಮುಂದೆ ಗೋಳು ಹೇಳಿಕೊಳ್ಳುವ ತಾಯಿಗೆ, ಆ ವರ್ಷ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬ ಖಾತ್ರಿಯಿರಲಿಲ್ಲ. ನಮ್ಮ ಮನೆಯ ಮುಖ್ಯಸ್ಥರು ಏಕೆ ಬರೆದುಕೊಳ್ಳಲಿಲ್ಲವೆಂದು ಕೇಳಿದಾಗ ಉಪಾಧ್ಯಾಯರು ಆ ವರ್ಷವನ್ನಷ್ಟೇ ಉಚ್ಚರಿಸಿ ಸುಮ್ಮನಾದರು.

ಒಳಗಿನ ಬೆಂಕಿ ಹೊರಗೆ ಹೋಗಬಾರದು, ಹೊರಗಿನ ಬೆಂಕಿ ಒಳಗೆ ಬರಬಾರದು ಎಂಬರ್ಥದ ಗಾದೆ ಥಾಯ್ಲೆಂಡಿನಲ್ಲಿ ಬಳಕೆಯಲ್ಲಿದೆ. ಅದರ ಮೂಲ ಧಮ್ಮಪದದ ಅಟ್ಠಕಥೆಯಲ್ಲಿ, ವಿಶಾಖೆಯನ್ನು ಗಂಡನ ಮನೆಗೆ ಕಳುಹಿಸುವಾಗ ಅವಳ ತಂದೆ ಹೇಳಿದ ಹತ್ತು ಬುದ್ಧಿಮಾತುಗಳಲ್ಲಿದೆ. ಆದರೆ ಇದೇ ಗಾದೆ ಮನೆಯೊಳಗಿನ ಹೊಡೆತ ಬಡಿತಗಳಿಗೂ ಮರೆಯಾಗಿ ನಿಲ್ಲಬಲ್ಲದು. ಉಂಗುರದ ಮಟ್ಟಿಗೆ ವಿವೇಕವಾದ ಮೌನ ಪೆಟ್ಟಿನ ಮಟ್ಟಿಗೆ ಅನ್ಯಾಯವಾಗುತ್ತದೆ. ಮೇಲಾಗಿ ಈ ಮೌನವನ್ನು ಹೊತ್ತು ನಡೆಸುವ ಹಿರಿಯರ ವ್ಯವಸ್ಥೆಯೇ ಸವೆಯುತ್ತಿದೆ. ಚಿಯಾಂಗ್ ಮಾಯ್‌ನ ನ್ಯಾಯಾಲಯವನ್ನು 1970ರ ದಶಕದಿಂದ ಅಧ್ಯಯನ ಮಾಡಿದ ಡೇವಿಡ್ ಎಂಗೆಲ್ ಅವರು ಜರುವಾನ್ ಎಂಗೆಲ್ ಅವರೊಂದಿಗೆ 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದೈಹಿಕ ಹಾನಿಗೆ ಒಳಗಾದ ಜನರು ಹಳ್ಳಿಯ ಪರಿಹಾರಕ್ರಮಗಳಿಂದ ದೂರವಾದರೂ ನ್ಯಾಯಾಲಯದ ಹತ್ತಿರ ಬಂದಿಲ್ಲವೆಂದು, ಕರ್ಮವೆಂದು ಸಹಿಸಿಕೊಳ್ಳುವವರೇ ಹೆಚ್ಚಿದ್ದಾರೆಂದು ತೋರಿಸಿದ್ದಾರೆ. 2019ರಲ್ಲಿ ಥಾಯ್ಲೆಂಡ್ ವ್ಯಾಜ್ಯಗಳ ಮಧ್ಯಸ್ಥಿಕೆಗೆಂದೇ ಒಂದು ಕಾಯಿದೆ ಮಾಡಿ ಜನತಾ ಕೇಂದ್ರಗಳಿಗೆ ಅವಕಾಶ ಕಲ್ಪಿಸಿತು. ಆದರೆ ಅಲ್ಲಿ ರಾಜಿಯನ್ನು ಬರೆಯಬೇಕು, ಸಹಿ ಹಾಕಬೇಕು. ಬರೆಯದಿರುವುದೇ ಚಾವ್ ಖೋತ್ ಹಿರಿಯರ ಬಲವಾಗಿತ್ತು.

ಇದನ್ನು ಬರೆಯುವಾಗ ನನ್ನ ಚಿಕ್ಕಪ್ಪ ನೆನಪಾಗುತ್ತಾರೆ. ನಾನು ಅವರನ್ನು ನೋಡಿಯೇ ಇಲ್ಲ. ಅವರಿಗೆ ಹದಿನಾರು ವರ್ಷವಾಗಿದ್ದಾಗ, ಸುಲಿದ ಅಡಿಕೆಯ ಮೂಟೆಯಲ್ಲಿ ಎರಡು ಸೇರು ಕಡಿಮೆ ಬಂತೆಂದು ನಮ್ಮ ಅಜ್ಜ ಅಂಗಳದಲ್ಲಿ ಆಳುಗಳೆದುರು ಅವರನ್ನು ‘ಕಳ್ಳ’ ಎಂದು ಕರೆದರಂತೆ. ಅಂದು ಸಂಜೆ ಮನೆ ಬಿಟ್ಟವರು ಅಜ್ಜನ ಮರಣಕ್ಕೂ ಬರಲಿಲ್ಲ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯನ್ನು ಕದ್ದವನಿಗೆ ಹೇಳುವ ಎಚ್ಚರಿಕೆಯೆಂದೇ ನಾನು ತಿಳಿದಿದ್ದೆ. ಅದು ಹೆಸರಿಡುವವನಿಗೂ ಎಚ್ಚರಿಕೆ. ಕದ್ದ ವಸ್ತುವನ್ನು ಮರಳಿಸಬಹುದು. ಆಡಿದ ಪದವನ್ನು ಮರಳಿ ಪಡೆಯಲು ಬಾರದು. ಈಸಾನಿನ ಆ ಅಜ್ಜಿ ‘ಹಾಯ್’ ಎಂದು ಕರ್ತೃವಿಲ್ಲದ ವಾಕ್ಯವನ್ನು ಆಡಿ, ಮೊಮ್ಮಗನಿಗೆ ಹಿಂತಿರುಗುವ ದಾರಿಯನ್ನು ತೆರೆದಿಟ್ಟಿದ್ದರು.

ತಪ್ಪೊಪ್ಪಿಗೆಯಿಲ್ಲದೆ ಪರಿವರ್ತನೆಯಿಲ್ಲವೆಂಬುದು ನನ್ನ ಪ್ರಬಂಧದ ಒಂದು ಅಧ್ಯಾಯದ ವಾದವಾಗಿತ್ತು. ಈಗ ಅದನ್ನು ತಿದ್ದುತ್ತಿದ್ದೇನೆ. ಆ ಮನೆಯಲ್ಲಿ ಯಾರೂ ಏನನ್ನೂ ಒಪ್ಪಿಕೊಳ್ಳಲಿಲ್ಲ. ಮಳೆಗಾಲದ ವ್ರತಕ್ಕೆ ಮುನ್ನ ಹುಡುಗ ಕೆಲವು ತಿಂಗಳುಗಳ ಮಟ್ಟಿಗೆ ಭಿಕ್ಷುವಾಗಬೇಕೆಂದು ಹಿರಿಯರು ನಿಶ್ಚಯಿಸಿದರು. ಉಪಸಂಪದೆಯ ವೇಳೆ ದೀಕ್ಷಾರ್ಥಿಗೆ ಕೇಳುವ ಪ್ರಶ್ನೆಗಳಲ್ಲಿ ಸಾಲವಿಲ್ಲವೆ ಎಂಬುದೂ ಒಂದು. ಅದಕ್ಕೆ ನಿಜವಾಗಿ ಉತ್ತರಿಸಬೇಕಾದರೆ ಅವನು ಮೊದಲು ದುಡಿದು ಚಿಕ್ಕಮ್ಮನ ಗಂಡನ ಹಣವನ್ನು ತೀರಿಸಬೇಕು.

ನಾನು ಹೊರಟ ದಿನ ಆ ಅಳಿಯನೇ ನನ್ನನ್ನು ಮೋಟಾರ್ ಸೈಕಲ್ಲಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟ. ಖ್ವಾನಿನ ನೂಲು ಮೂರು ದಿನವಾದರೂ ಕೈಮೇಲಿರಬೇಕೆಂಬುದು ವಾಡಿಕೆ. ಆಗಲೇ ಒಂದು ವಾರ ಕಳೆದಿತ್ತು. ಬೆವರಿನಿಂದ ಕಂದಾಗಿದ್ದ ಆ ನೂಲನ್ನು ಅವನು ಇನ್ನೂ ಬಿಚ್ಚಿರಲಿಲ್ಲ.