ಅತ್ತೆಯ ಸರದ ಬ್ಯಾಂಕ್ ವಾಸ

ಗುಂಡ್ಲುಪೇಟೆ ಸೀಮೆಯಲ್ಲಿ ಒಡವೆ ಕೊಳ್ಳುವವರು ಅಂಗಡಿಯವನ ನಗುಮುಖಕ್ಕಿಂತ ಮೊದಲು, ಬ್ಯಾಂಕಿನಲ್ಲಿ ಚಿನ್ನ ಒರೆಗೆ ಹಚ್ಚುವ ಆಚಾರಿಯ ಗಂಟುಮುಖ ನೆನೆಯಬೇಕೆಂಬುದು ನನ್ನ ಸೋದರತ್ತೆಯ ಸಿದ್ಧಾಂತ. ಅವಳ ಅವಲಕ್ಕಿ ಸರ ಕೊರಳಲ್ಲಿದ್ದದ್ದಕ್ಕಿಂತ ಬ್ಯಾಂಕಿನಲ್ಲಿದ್ದದ್ದೇ ಹೆಚ್ಚು. ಅರಿಸಿನ ಬಿತ್ತುವಾಗ ಅಡವಿಗೆ ಹೋದರೆ, ಅಗೆದು, ಬೇಯಿಸಿ, ಒಣಗಿಸಿ ಮಾರಿದ ಮೇಲೆ ವಾಪಸು. ರೇಟು ಬಿದ್ದ ವರ್ಷ ಅದೂ ಇಲ್ಲ. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ, ‘ಕಳ್ಳರ ಭಯ ಕನವ್ವ, ಭದ್ರವಾಗಿ ಮಡಗಿವ್ನಿ’ ಎನ್ನುವಳು. ಹಾಗೆನ್ನುವಾಗ ಕೈ ಮಾತ್ರ ತಾನಾಗಿ ಕೊರಳಿಗೆ ಹೋಗಿ, ಬರೀ ಅರಿಸಿನದ ದಾರ ತಡವಿ ಇಳಿಯುತ್ತಿತ್ತು.

ತಂಗಿಯ ಮದುವೆಗೆ ಚಿನ್ನ ತರಲು ಚಾಮರಾಜನಗರಕ್ಕೆ ಹೋದಾಗ ಮುಂದಾಳತ್ವ ಅವಳದೇ. ತಂಗಿಯ ಕಣ್ಣು ಕೆಂಪು ಕಲ್ಲಿನ ನೆಕ್ಲೇಸಿನ ಮೇಲೆ. ಅತ್ತೆ ಅದನ್ನು ಅಂಗೈಯಲ್ಲಿ ತೂಗಿ, ‘ಇದ್ರಲ್ಲಿ ಕಲ್ಲೆಷ್ಟು, ಅರಗೆಷ್ಟು, ಚಿನ್ನ ಎಷ್ಟಪ್ಪ?’ ಎಂದಳು. ಅಂಗಡಿಯ ಹುಡುಗ ಬಾದಾಮಿ ಹಾಲು ತರಿಸಿದ. ಅಡವಿಡುವಾಗ ಕಲ್ಲು, ಅರಗಿನ ತೂಕ ಕಳೆಯುತ್ತಾರೆ. ಮಜೂರಿಗೂ ಶೇ 3ರ ಜಿಎಸ್‌ಟಿಗೂ ಕಾಸು ಹುಟ್ಟುವುದಿಲ್ಲ. ಕೊಳ್ಳುವಾಗಲೇ ಕಲ್ಲಿನ ತೂಕ ಬೇರೆ, ಚಿನ್ನದ ತೂಕ ಬೇರೆ ಬಿಲ್ಲಿನಲ್ಲಿ ಬರೆಸಬೇಕು ಎಂಬುದನ್ನು ಅತ್ತೆ ಯಾವ ಪುಸ್ತಕದಲ್ಲೂ ಓದಿದವಳಲ್ಲ. ವೇಸ್ಟೇಜು ಶೇ 14 ಎಂದಾಗ, ‘ವೇಸ್ಟಾದ್ದನ್ನೂ ಒಂದು ಪೊಟ್ಟಣ ಕಟ್ಕೊಡು, ದುಡ್ಡು ನಮ್ದೇ ತಾನೆ?’ ಎಂದಳು. ವೇಸ್ಟೇಜು 11ಕ್ಕಿಳಿಯಿತು.

ನನ್ನ ಪಾಲಿನ ಕೆಲಸ ಭೂತಗನ್ನಡಿಯದು. ಬಿಐಎಸ್ ಮುದ್ರೆ, 22 ಕ್ಯಾರೆಟ್ ಎನ್ನಲು 916, ಪಕ್ಕದಲ್ಲಿ ಅಕ್ಷರ, ಅಂಕಿ ಬೆರೆತ ಆರರ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಅದಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪಿಗೆ ಆ ಆರನ್ನು ಕೊಟ್ಟರೆ ಒಡವೆ ಯಾವ ಜಾತಿಯದು, ಎಷ್ಟು ಶುದ್ಧ, ಎಲ್ಲಿ ಪರೀಕ್ಷೆಯಾಯಿತು ಎಲ್ಲ ಹೇಳುತ್ತದೆ. ಮೂಗುಬೊಟ್ಟಿನಲ್ಲಿ ಮಾತ್ರ ಮುದ್ರೆ ಕಾಣಲಿಲ್ಲ. 2 ಗ್ರಾಂಗಿಂತ ಹಗುರವಾದದ್ದಕ್ಕೆ ಕಡ್ಡಾಯವಿಲ್ಲವಂತೆ. ಅತ್ತೆ ಇದಕ್ಕೆ ತಕರಾರು ಎತ್ತಲಿಲ್ಲ. ಮೂಗುಬೊಟ್ಟು ಅಡವಿಟ್ಟು ಯಾರು ಗೊಬ್ಬರ ತಂದಾರು?

ಕೊನೆಗೆ ಕೊಂಡದ್ದು ಕಲ್ಲಿಲ್ಲದ ಚೈನು, ಗಟ್ಟಿ ಬಳೆ. ತಂಗಿಯ ಮುಖ ಬಾಡಿತು. ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ನವದಂಪತಿಗಳೆಲ್ಲ ಸೇರುತ್ತಾರೆ. ಜನ ದೇವರಿಗೆ ಹಣ್ಣು–ಜವನ ಎಸೆದು, ಮಿಕ್ಕ ಹೊತ್ತೆಲ್ಲ ಹೊಸ ಮದುಮಗಳ ಕೊರಳು ನೋಡುತ್ತಾರೆ. ಅತ್ತೆ ಯೋಚಿಸಿ, ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ‘ಒಂದು ಗ್ರಾಂ ಗೋಲ್ಡ್’ ಅಂಗಡಿಗೆ ನುಗ್ಗಿ, ಥೇಟ್ ಅದೇ ಕೆಂಪು ಕಲ್ಲಿನ ಸರ ಕೊಡಿಸಿದಳು.

ತೇರಿನ ದಿನ ಬೀಗಿತ್ತಿಯೊಬ್ಬಳು ಅದನ್ನು ಎರಡು ಬೆರಳಲ್ಲಿ ಎತ್ತಿ, ‘ಎಷ್ಟು ಗ್ರಾಮಿಂದು?’ ಎಂದಳು.

ಅತ್ತೆ ಸುಳ್ಳು ಹೇಳುವವಳಲ್ಲ. ‘ಬುಡವ್ವ, ಲೆಕ್ಕ ಹಾಕ್ಬಾರ್ದು. ದೃಷ್ಟಿ ಆಯ್ತದ’ ಎಂದಳು.