ನಮ್ಮ ವೆಬ್‌ಸೈಟಿಗೆ ಆ್ಯಡ್‌ಸೆನ್ಸ್ ಬಂದದ್ದು



"ಅಣ್ಣಾ, ನಿಮ್ಮ ವೆಬ್‌ಸೈಟಿಗೆ ಆ್ಯಡ್‌ಸೆನ್ಸ್ ಒಪ್ಪಿಗೆ ಹೆಂಗ ಸಿಕ್ತು, ನಮಗೂ ಹೇಳ್ರಿ" ಅಂತ ಬೇರೆ ಬೇರೆ ಊರಿನ ಹುಡುಗರು ಕೇಳ್ತಾ ಇದ್ದಾರೆ. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಇಲ್ಲೇ ಬರೆದುಬಿಡ್ತೀನಿ. ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಗೊತ್ತಿಲ್ಲದವರಿಗೆ ಹೇಳ್ತೀನಿ: ನಿಡಗುಂದಿಯಲ್ಲಿ ನಾವು ನಾಲ್ಕು ಜನ ಸೇರಿ ನಡೆಸೋ ವೆಬ್‌ಸೈಟ್ ಅದು. ವಿದ್ಯಾರ್ಥಿವೇತನದ ಅರ್ಜಿ ತುಂಬೋದು, ಜಾತಿ ಪ್ರಮಾಣಪತ್ರ ಮಾಡಿಸೋದು, ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡೋದು, ಇಂಥವೆಲ್ಲ ಅದರಲ್ಲಿವೆ. ಜೊತೆಗೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳ ನಮ್ಮ ಕೇರಿಗಳ ನೆನಪು. ಹೊಲ ಇದ್ದವರ ಲೆಕ್ಕ ಸರ್ಕಾರದ ಕಡತದಲ್ಲಿ ಸಿಗುತ್ತದೆ. ಇನ್ನೊಬ್ಬರ ಹೊಲದಾಗ ದುಡಿದವರ ಕತೆ ಮುದುಕರ ಬಾಯಲ್ಲಷ್ಟೇ ಉಳಿದಿದೆ, ಆ ಮುದುಕರೂ ಒಬ್ಬೊಬ್ಬರೇ ಹೋಗ್ತಿದ್ದಾರೆ. ಡೊಮೇನ್, ಹೋಸ್ಟಿಂಗ್ ಖರ್ಚಿಗೆ ವರ್ಷಾ ವರ್ಷಾ ನಾವೇ ಪಟ್ಟಿ ಹಾಕ್ತಿದ್ದೆವು. ಒಬ್ಬನ ಕೂಲಿ ತಪ್ಪಿದ ವರ್ಷ ವೆಬ್‌ಸೈಟ್ ಬಂದ್ ಆಗೋ ಹಂತಕ್ಕೆ ಬಂತು. ಅವಾಗ ಜಾಹೀರಾತಿನ ವಿಚಾರ ಎದ್ದಿತು.

ಮೊದಲು ವಿರೋಧ ಮಾಡಿದ್ದು ನಮ್ಮ ಕಾಕಾ. ಹಳೇ ಚಳವಳಿಯ ಮನುಷ್ಯ. "ಬಾಬಾಸಾಹೇಬರ ಫೋಟೋದ ಬಾಜೂಕ ಜ್ಯೋತಿಷ್ಯದಾಂವನ ಜಾಹೀರಾತು ಬರ್ತದೇನೋ? ಸ್ವಜಾತಿ ವಧು ಬೇಕಾಗಿದೆ ಅಂತ ಬರ್ತದೇನೋ?" ಅಂದ್ರು. ನಗೋ ಮಾತಲ್ಲ ಅದು. ಅಂತರ್ಜಾತಿ ಮದುವೆ ಬಗ್ಗೆ ನಾವು ಬರೆದ ಲೇಖನದ ಕೆಳಗೇ ಜಾತಿವಾರು ವಧು-ವರರ ಜಾಹೀರಾತು ಬಂದರೆ ಓದೋರು ನಮಗೆ ಏನಂದಾರು?

ನಾನು ಕಾಕಾಗೆ 1920ರ ಮಾತು ನೆನಪು ಮಾಡಿದೆ. ಜನವರಿ 31ಕ್ಕೆ ಬಾಬಾಸಾಹೇಬರ 'ಮೂಕನಾಯಕ' ಶುರುವಾಯ್ತು. ದುಡ್ಡು ಕೊಡ್ತೀವಿ ಅಂದರೂ ಅದರ ಜಾಹೀರಾತನ್ನ 'ಕೇಸರಿ' ಹಾಕಲಿಲ್ಲ. ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟಿದ್ದಕ್ಕೆ ಪತ್ರಿಕೆಗೆ ಜೀವ ಬಂತು. ಜಾಹೀರಾತಿನ ಆದಾಯ ಇಲ್ಲದೆ ಪತ್ರಿಕೆ ಉಳಿಯಲ್ಲ, ಜಾಹೀರಾತು ಕೊಡೋ ವ್ಯಾಪಾರಸ್ಥರು ನಮ್ಮ ಕಡೆ ಇಲ್ಲ ಅಂತ 1940ರ ದಶಕದಲ್ಲಿ ಬಾಬಾಸಾಹೇಬರೇ ಬರೆದಿದ್ದಾರೆ. ಈಗ ವ್ಯಾಪಾರಸ್ಥನ ಅಂಗಡಿ ಮುಂದೆ ಹೋಗಿ ನಿಲ್ಲಬೇಕಾಗಿಲ್ಲ, ಅಡ್ಡಹೆಸರು ಹೇಳಬೇಕಾಗಿಲ್ಲ. ಯಾವ ಪುಟಕ್ಕೆ ಯಾವ ಜಾಹೀರಾತು ಅನ್ನೋದನ್ನ ಯಂತ್ರ ನೋಡ್ಕೊಳ್ತದೆ. ಯಂತ್ರಕ್ಕೆ ಮಡಿ-ಮೈಲಿಗೆ ಇಲ್ಲ ಅಂತ ನಾನೇನೂ ನಂಬಿಲ್ಲ; ಆದರೂ ಬಾಗಿಲು ತಟ್ಟಿ ನೋಡೋಣ ಅಂದೆ.

ಆ್ಯಡ್‌ಸೆನ್ಸ್ ಶುರುವಾದದ್ದು 2003ರಲ್ಲಿ. ಹಿಂದಿಗೆ ಬಂದದ್ದು 2014ರ ಕೊನೆಗೆ, ಬಂಗಾಳಿಗೆ 2017ರಲ್ಲಿ, ತಮಿಳು-ತೆಲುಗಿಗೆ 2018ರಲ್ಲಿ. ಕನ್ನಡದ ಪಾಳಿ ಇವೆಲ್ಲ ಆದ ಮೇಲೆ.

ಕೇಳಿದವರಿಗೆ ಬೇಕಾದದ್ದು ಇದು. ಅರ್ಜಿ ಹಾಕೋರಿಗೆ 18 ವರ್ಷ ಆಗಿರಬೇಕು. ಬರಹ ನಿಮ್ಮದೇ ಇರಬೇಕು, ಬೇರೆ ಕಡೆಯಿಂದ ಎತ್ತಿ ಅಂಟಿಸಿದ್ದು ನಡೆಯಲ್ಲ. ನೀವು ಯಾರು, ನಿಮ್ಮನ್ನ ಹೆಂಗ ಸಂಪರ್ಕಿಸಬೇಕು, ಓದುಗರ ಮಾಹಿತಿ ಏನಾಗ್ತದೆ ಅನ್ನೋ ಪುಟಗಳನ್ನ ಮಾಡಿಡ್ರಿ. ಅವರು ಕೊಡೋ ಕೋಡ್ ಹಾಕಿ ಕಾಯಬೇಕು. ಕೆಲವು ದಿನ ಆಗಬಹುದು, ಕೆಲವು ವಾರವೂ ಆಗಬಹುದು.

ಅರ್ಜಿ ಹಾಕೋಕೆ ಮುಂಚೆ ವೆಬ್‌ಸೈಟ್ ಮಾಡಿಕೊಡೋ ಹುಡುಗನೊಬ್ಬನ್ನ ಕೇಳಿದ್ವಿ. "ಸರ್, ದೌರ್ಜನ್ಯದ ಸುದ್ದಿ ಎಲ್ಲಾ ಡಿಲೀಟ್ ಮಾಡ್ರಿ. ಜಾತಿ ಹೆಸರು ಇರೋದನ್ನೂ ತೆಗೀರಿ. ಸ್ಕಾಲರ್‌ಶಿಪ್ ಅಷ್ಟೇ ಇಟ್ರ ಲಗೂ ಆಗ್ತದ" ಅಂದ. ಕೆಟ್ಟ ಹುಡುಗ ಅಲ್ಲ. ನಾವು ನಾಲ್ಕೂ ಜನ ಮಾತಾಡಲಿಲ್ಲ. ಹೊಡೆತ ತಿಂದವರು, ಮಗನ್ನ ಕಳ್ಕೊಂಡವರು ನಮ್ಮ ಮುಂದೆ ಕೂತು ಹೇಳಿ ಬರೆಸಿದ್ದು ಅದು. ಹಂಗಾಗಿ ಆ ನಿಯಮದ ಪುಟ ತೆಗೆದು ಸಾಲು ಸಾಲು ಓದಿದೆ. ತಾರತಮ್ಯಕ್ಕೆ ಒಳಗಾದ ಗುಂಪಿನ ಮೇಲೆ ದ್ವೇಷ ಹಬ್ಬಿಸೋದಕ್ಕೆ ಅಲ್ಲಿ ನಿಷೇಧ ಐತಿ. ಆ ದ್ವೇಷ ನಮ್ಮ ಮೇಲೆ ಏನು ಮಾಡ್ತು ಅಂತ ಹೇಳೋದಕ್ಕೆ ಇಲ್ಲ. ಒಂದಕ್ಷರ ತೆಗೀಲಿಲ್ಲ, ಹಂಗೇ ಅರ್ಜಿ ಹಾಕಿದ್ವಿ. ಹದಿನಾರನೇ ದಿನ ಒಪ್ಪಿಗೆ ಬಂತು.

ಆದರೆ ದೌರ್ಜನ್ಯದ ಪುಟಗಳಲ್ಲಿ ಜಾಹೀರಾತು ಬರದಂಗ ನಾವೇ ಮಾಡಿದೀವಿ. ಇಂಥ ಪುಟ ಬಿಟ್ಟುಬಿಡು ಅಂತ ಹೇಳೋ ಅವಕಾಶ ಅದರಲ್ಲೇ ಐತಿ. ಸತ್ತ ಹುಡುಗನ ಹೆಸರಿನ ಕೆಳಗೆ ಸಾಬೂನಿನ ಜಾಹೀರಾತು ನೋಡೋ ಶಕ್ತಿ ನಮಗಿಲ್ಲ. ಜ್ಯೋತಿಷ್ಯದ ವಿಭಾಗವನ್ನ ಪೂರ್ತಿ ತಡೆದೀವಿ. ಜಾತಿವಾರು ವಧು-ವರರ ತಾಣಗಳ ವಿಳಾಸ ಒಂದೊಂದೇ ಹುಡುಕಿ ಬ್ಲಾಕ್ ಮಾಡಿದ್ದು ಖುದ್ದು ಕಾಕಾ. ಎರಡು ರಾತ್ರಿ ಕೂತಿದ್ರು. "ಇಷ್ಟೊಂದ್ ಜಾತಿಗೆ ಇಷ್ಟೊಂದ್ ಅಂಗಡಿ ಅದಾವೇನಪಾ" ಅಂತ ಒಂದೇ ಸಮ ಗೊಣಗ್ತಿದ್ರು.

ದುಡ್ಡು? ದೊಡ್ಡದೇನಿಲ್ಲ. 100 ಡಾಲರ್ ಆಗೋತನಕ ಬ್ಯಾಂಕಿಗೆ ಬರಲ್ಲ. 10 ಡಾಲರ್ ದಾಟಿದ ಮೇಲೆ ಮನೆ ವಿಳಾಸ ಖಾತ್ರಿ ಮಾಡ್ಕೊಳ್ಳೋಕೆ ಅಂಚೆಯಲ್ಲಿ ಒಂದು ಪಿನ್ ನಂಬರ್ ಕಳಿಸ್ತಾರೆ. ನಮಗೆ 10 ದಾಟೋಕೆ ಐದು ತಿಂಗಳು ಹಿಡೀತು. ಬಜಾರದ ಅಂಗಡಿ ವಿಳಾಸ ಕೊಡು, ಅಲ್ಲಿಗಾದ್ರ ಪತ್ರ ತಪ್ಪಲ್ಲ ಅಂತ ಗೆಳೆಯರು ಹೇಳಿದ್ರು. ನಾನು ನಮ್ಮ ಕೇರಿ ವಿಳಾಸವನ್ನೇ ಕೊಟ್ಟೀನಿ.

ಪತ್ರ ಇನ್ನೂ ದಾರಿಯಲ್ಲಿದೆ. ಕಾಕಾ ದಿನಾ ಕಟ್ಟೆ ಮೇಲೆ ಕೂತು ಅಂಚೆಯಣ್ಣನ ಸೈಕಲ್ ಕಾಯ್ತಾರೆ.

ಜೈ ಭೀಮ್.